ಇಪ್ಪತ್ತನಾಲ್ಕು ತೂತುಗಳ ಮಹಿಮೆ

ಆ ದಿನ ಬೆಳಗ್ಗೆ ಗಾಳಿ ಎಷ್ಟು ಜೋರಾಗಿತ್ತೆಂದರೆ, ಗ್ಯಾರೇಜಿನ ತಗಡಿನ ಬಾಗಿಲು ಕರೆಯದೇ ಬಂದ ನೆಂಟನಂತೆ ತಾನೇ ತೆರೆದುಕೊಂಡು ತಾನೇ ಬಡಿದುಕೊಳ್ಳುತ್ತಿತ್ತು. ಒಳಗೆ ಭಾವನ ಹಳೇ ಸ್ಪೋರ್ಟ್ಸ್ ಕಾರು ಚಕ್ರ ಕಳಚಿಕೊಂಡು, ಸ್ನಾನಕ್ಕೆ ನಿಲ್ಲಿಸಿದ ಮಗುವಿನ ಹಾಗೆ ನಾಚಿ ನಿಂತಿತ್ತು.

ಹನ್ನೆರಡು ಗಂಟೆಗೆ ತೂಕ. ಗುಡ್ಡ ಹತ್ತುವ ಪಂದ್ಯದಲ್ಲಿ ಚಿಕ್ಕ ಕಾರುಗಳ ಗುಂಪಿಗೆ ಸೇರಬೇಕಾದರೆ ಏಳುನೂರು ಕೆಜಿ ಮೀರಬಾರದು. ಮೀರಿದರೆ ದೊಡ್ಡ ಇಂಜಿನ್ನುಗಳ ಹಿಂದೆ ಓಡಿ, ಹೊಗೆ ಕುಡಿದು ಮನೆಗೆ ಬರಬೇಕು. ಭಾವ ಈ ದಿನಕ್ಕಾಗಿ ಮೂರು ವರ್ಷ ಕಾದಿದ್ದರು. ಹಿಂದಿನ ದಿನ ತೂಗಿದಾಗ ಒಂದು ಕೆಜಿ ಎಂಟುನೂರು ಗ್ರಾಂ ಹೆಚ್ಚು ಬಂದಿತ್ತು.

"ಡ್ರೈವರ್ ತೂಕ ಸೇರಿಸಲ್ವಂತೆ, ಬಚಾವಾದ್ರಿ ಭಾವ," ಎಂದ ಮೆಕ್ಯಾನಿಕ್ ಭಾಮೈದ. "ಇಲ್ದಿದ್ರೆ ನಿಮ್ಮ ಹೊಟ್ಟೆಯಿಂದ್ಲೇ ಶುರು ಮಾಡ್ತಿದ್ದೆ."

"ಬಾಯಿ ಮುಚ್ಕೊಂಡು ಕೊರೆಯೋ."

ಸೀಟಿನ ಸ್ಪಂಜು, ಬೂದಿಬಟ್ಟಲು, ಹಾರ್ನು ಎಲ್ಲ ಆ ತೂಕಕ್ಕೂ ಮುಂಚೆಯೇ ಹೋಗಿದ್ದವು. ಉಳಿದದ್ದು ಸಸ್ಪೆನ್ಷನ್ನಿನ ತೋಳುಗಳು, ಅಂದರೆ ಚಕ್ರಗಳನ್ನು ಹಿಡಿದಿಡುವ ನಾಲ್ಕು ಉಕ್ಕಿನ ತುಂಡುಗಳು. ಅವುಗಳ ನಡುವೆ ದುಂಡಗೆ ತೂತು ಕೊರೆದರೆ ಭಾರ ಹೋಗಿ ಬಲ ಉಳಿಯುತ್ತದೆ ಎಂಬುದು ಭಾಮೈದನ ನಂಬಿಕೆ. ಅಳೆದು, ಗುರುತು ಹಾಕಿ, ಎಣ್ಣೆ ಬಿಟ್ಟು, ಕೊರೆದು, ಅಂಚು ಉಜ್ಜುತ್ತಿದ್ದ. ಜಪಕ್ಕೆ ಕೂತವನ ಶ್ರದ್ಧೆ.

"ಎಡಗಡೆ ತೋಳಲ್ಲಿ ಇನ್ನೂ ಬೇಕಾದಷ್ಟು ಕೊಬ್ಬಿದೆ," ಎಂದ.

ಅಷ್ಟರಲ್ಲಿ ತನ್ನ ಬೇಕರಿಯ ತಕ್ಕಡಿ ಹೊತ್ತು ಬಂದ ಅಕ್ಕ ಬಾಗಿಲಲ್ಲೇ ನಿಂತಳು. "ಯಾರ ತೋಳೋ ಅದು?"

"ಕಾರಿಂದು ಕಣಕ್ಕಾ!"

"ಹಾಗಾದ್ರೆ ಸರಿ," ಎಂದು ಸೆರಗೆಳೆದು ತನ್ನ ಎಡತೋಳು ಮುಚ್ಚಿಕೊಂಡಳು.

ನಾಲ್ಕು ತೋಳು, ಇಪ್ಪತ್ತನಾಲ್ಕು ತೂತು. ತಕ್ಕಡಿಯ ಪ್ರಕಾರ ಹೋದದ್ದು ಐನೂರ ಎಂಬತ್ತು ಗ್ರಾಂ. ಮೂವರ ಮುಖವೂ ಇಳಿಯಿತು; ಇನ್ನೂ ಒಂದು ಕೆಜಿ ಇನ್ನೂರಿಪ್ಪತ್ತು ಗ್ರಾಂ ಹೋಗಬೇಕು. ಆದರೆ ಇನ್ನು ಕೊರೆದರೆ ತೋಳಲ್ಲ, ಜಾಲರಿ.

"ಜೋಡಿಸೋಣ, ದೇವರು ದೊಡ್ಡವನು," ಎಂದರು ಭಾವ.

"ಬೋಲ್ಟ್ ಬಿಗಿಯೋ ನನ್ನ ದೊಡ್ಡ ಪಾನಾ ಇದ್ದಿದ್ರೆ ಎರಡೇ ನಿಮಿಷದ ಕೆಲಸ. ನೀವು ತಗೊಂಡು ಹೋಗಿ ಹನ್ನೊಂದು ವರ್ಷ ಆಯ್ತು."

"ದೇವರಾಣೆ ವಾಪಸ್ ಕೊಟ್ಟಿದೀನಿ ಕಣೋ! ಇನ್ನೆಷ್ಟು ಸಲ ಹೇಳ್ಲಿ?"

ಈ ಜಗಳ ಮನೆಯ ಪ್ರತಿ ಸಮಾರಂಭದಲ್ಲೂ ಊಟಕ್ಕೆ ಮುಂಚೆ ಒಮ್ಮೆ, ಊಟದ ನಂತರ ಒಮ್ಮೆ ನಡೆಯುತ್ತಿತ್ತು.

ಕೊನೆಯ ಬೋಲ್ಟು ಬಿಗಿಯಲು ಭಾವನೇ ಕಾರಿನಡಿ ತೂರಿದರು. ಕೈಜಾರಿದ ವಾಷರ್ ಹುಡುಕುತ್ತ ಕಾರಿನ ತಳದ ಟೊಳ್ಳಾದ ಅಡ್ಡತೊಲೆಯೊಳಗೆ ಬೆರಳು ಹಾಕಿದಾಗ ಏನೋ ತಣ್ಣಗೆ ತಾಗಿತು. ಉದ್ದ. ತುದಿಯಲ್ಲಿ ಬಾಯಿ. ಭಾವನ ಬಾಯಿ ಒಣಗಿತು.

ಅವರು ಹೊರಬಂದಾಗ ಅಂಗಿಯ ಬೆನ್ನು ನೆಟ್ಟಗಾಗಿತ್ತು, ನಡಿಗೆಯೂ.

"ಸೊಂಟ ಹಿಡ್ಕೊಳ್ತಾ?" ಎಂದಳು ಅಕ್ಕ.

"ಹೂಂ."

ಹನ್ನೆರಡಕ್ಕೆ, ಪಂದ್ಯದವರ ಕಡೆಯಿಂದ ತೂಕ ನೋಡಲು ಗ್ಯಾರೇಜಿಗೆ ಬಂದ ಅಮ್ಮ ನಾಲ್ಕು ಚಕ್ರಗಳ ಕೆಳಗೂ ಯಂತ್ರ ಇಟ್ಟು, ಕನ್ನಡಕ ಏರಿಸಿ ಓದಿದರು: "ಏಳುನೂರು. ಚಿಕ್ಕ ಗುಂಪು." ಚೀಟಿ ಅಂಟಿಸಿ ಹೊರಟರು.

ಭಾಮೈದ ಕುಣಿದ. "ನೋಡಿದ್ರಾ ನನ್ನ ತೂತುಗಳ ಮಹಿಮೆ!" ಆಮೇಲೆ ಬೆರಳು ಮಡಚಿ ಲೆಕ್ಕ ಹಾಕಿದ. "ಆದ್ರೆ ನಿನ್ನ ತಕ್ಕಡಿ ಬರೀ ಐನೂರ ಎಂಬತ್ತು ಹೇಳಿತ್ತಲ್ಲಕ್ಕಾ. ಹೋಗಿರೋದು ಪೂರ್ತಿ ಒಂದು ಕೆಜಿ ಎಂಟುನೂರು. ತಕ್ಕಡಿ ಕೆಟ್ಟಿದೆ."

ಅಕ್ಕನ ಮುಖ ಬಿಳಿಚಿತು. "ಇಪ್ಪತ್ತು ವರ್ಷದಿಂದ ಇದರಲ್ಲೇ ಬ್ರೆಡ್ ತೂಗಿ ಕೊಟ್ಟಿದೀನಿ. ಹಾಗಾದ್ರೆ ಯಾರಿಗೆ ಹೆಚ್ಚು ಕೊಟ್ಟೆನೋ, ಯಾರಿಗೆ ಕಮ್ಮಿ ಕೊಟ್ಟೆನೋ..." ಅವಳು ತಕ್ಕಡಿಯ ಪಕ್ಕದ ಸ್ಟೂಲಿನ ಮೇಲೆ ಕುಸಿದಳು. ಕಣ್ಣಲ್ಲಿ ನೀರು. "ನಾಳೆಯಿಂದ ಅಂಗಡಿ ಹೇಗೆ ತೆಗೀಲಿ?"

ಭಾವ ಒಮ್ಮೆ ಚೀಟಿ ನೋಡಿದರು, ಒಮ್ಮೆ ಹೆಂಡತಿಯನ್ನು. ಗಾಳಿ ಬಾಗಿಲನ್ನು ಬಡಿಯಿತು.

ಅವರು ಅಂಗಿಯ ಹಿಂದೆ ಕೈಹಾಕಿ ಪಾನಾ ಎಳೆದು, ಸದ್ದಾಗದಂತೆ ತಕ್ಕಡಿಯ ಮೇಲಿಟ್ಟರು. ಮುಳ್ಳು ತೂಗಾಡಿ ನಿಂತಿತು: ಒಂದೂಕಾಲು ಕೆಜಿ.

ಭಾಮೈದ ಬಾಯಿ ತೆರೆದ. ಅಕ್ಕ ಕಣ್ಣೊರೆಸಿಕೊಂಡು ಅವನತ್ತ ನೋಡಿದಳು. ಬಾಯಿ ಮುಚ್ಚಿದ.

ಭಾವ ಪಾನಾದ ಮಣ್ಣನ್ನು ತಮ್ಮ ಕರವಸ್ತ್ರದಲ್ಲಿ ಒರೆಸಿ, ಹಿಡಿ ಅವನ ಕಡೆ ಬರುವಂತೆ ತಿರುಗಿಸಿ, ಕೊಟ್ಟರು.