ಐವತ್ತೆರಡು ಸೆಕೆಂಡಿನ ಚಂದ್ರಾಮ

ಪರೇಲ್‌ನ ನಲವತ್ತೆರಡು ಮಹಡಿಯ ಟವರಿನಲ್ಲಿ ಲಿಫ್ಟ್‌ಮನ್ ಆಗಿದ್ದ ಶಿವಪುತ್ರ ಹಾಡು ಕಟ್ಟಲು ಕೂತರೆ ಅರಬ್ಬೀ ಸಮುದ್ರವೇ ಉಬ್ಬರ ನಿಲ್ಲಿಸಿ ಕಿವಿಗೊಡುತ್ತಿತ್ತು. ತೊಂದರೆ ಒಂದೇ, ಹಾಡು ಮುಗಿಯುತ್ತಿರಲಿಲ್ಲ. ಈ ಸಲದ ಚಂದ್ರನ ಹಾಡಿಗೆ ಎಪ್ಪತ್ತೆಂಟು ನುಡಿ. ಮೂವತ್ತನೆಯ ನುಡಿಯಲ್ಲೂ ಚಂದ್ರ ಗುಡ್ಡದ ಹಿಂದೆ ಮುಖ ತೊಳೆಯುತ್ತಲೇ ಇದ್ದ.

ಅದೇ ಟವರಿನಲ್ಲಿ ಕಸ ಗುಡಿಸುತ್ತಿದ್ದ ಹೆಂಡತಿ ಗುರುಬಾಯಿಯೇ ಅವನ ಗಾಯಕಿ. ಅವಳು ಪೊರಕೆಯನ್ನು ನೆಲಕ್ಕೆ ಕುಟ್ಟಿದಳು.

“ಎರಡು ವರ್ಷ ಆತು, ಮಾಟುಂಗದ ಕನ್ನಡ ಸಂಘದ ಹಾಡಿನ ಸ್ಪರ್ಧೆಗೆ ನಿಮ್ಮ ಹಾಡು ಕಳಸಾಕ ಆಗವಲ್ದು. ಇವತ್ತ ಐದಕ್ಕ ಟೈಮ್ ಮುಗೀತೈತಿ. ಇವತ್ತೂ ಆಗಲಿಲ್ಲಂದ್ರ ನಾಳಿಂದ ನಾ ಖಂಡಪ್ಪನ ಹಾಡು ಹಾಡಾಕಿ, ನೋಡ್ರಿ!”

ಖಂಡಪ್ಪ! ಎರಡು ಸಾಲು ಬರೆದು ಇಪ್ಪತ್ತು ಸಲ ಹಾಡಿಸುವ ಗೋಡೆಗೆ ಗಿಲಾವು ಬಳಿಯುವ ಮೇಸ್ತ್ರಿ! ಶಿವಪುತ್ರನ ಎದೆಯಲ್ಲಿ ದಾದರ್ ಸ್ಟೇಷನ್ನಿನಂತೆ ಗದ್ದಲವೆದ್ದಿತು.

ಮೊಬೈಲಿನಲ್ಲಿ ಒಂದೇ ಓಟಕ್ಕೆ, ಎಲ್ಲೂ ಕತ್ತರಿಸದೆ ರೆಕಾರ್ಡ್ ಮಾಡಬೇಕು. ಇದು ಸಂಘದ ನಿಯಮ. ಆದರೆ ಸದ್ದಿಲ್ಲದ ಜಾಗವೆಲ್ಲಿ? ಅವರಿರುವ ಚಾಳಿನಲ್ಲಿ ಮುನ್ನೂರು ಕುಕ್ಕರ್ ಒಟ್ಟಿಗೇ ಕೂಗುತ್ತವೆ, ಟವರಿನಲ್ಲಿ ಮಹಡಿಗೊಂದು ಡ್ರಿಲ್ ಮಷೀನು. ಉಳಿದದ್ದು ಸಾಮಾನು ಸಾಗಿಸುವ ಲಿಫ್ಟು. ಬಾಗಿಲು ಮುಚ್ಚಿದರೆ ಇರುವೆಯ ಕೆಮ್ಮೂ ಕೇಳಿಸುವಷ್ಟು ಮೌನ. ಆದರೆ ಅದನ್ನು ನಿಲ್ಲಿಸಿಡುವಂತಿಲ್ಲ; ಕೆಳಗಿನಿಂದ ತುದಿಗೆ ಐವತ್ತೆರಡು ಸೆಕೆಂಡು, ಅಷ್ಟೇ.

“ಎಪ್ಪತ್ತೆಂಟು ನುಡಿ ಇದ್ರಾಗ ಹ್ಯಾಂಗ ಹಿಡಸ್ತೀರಿ?”

“ಲಗು ಲಗು ಹಾಡು.”

“ನಾ ಏನು ಫಾಸ್ಟ್ ಲೋಕಲ್ ಏನ್ರಿ?”

ಶಿವಪುತ್ರ ಹಲ್ಲು ಕಚ್ಚಿ ಗುಡ್ಡ ಕಿತ್ತೆಸೆದ, ಹೊಳೆ ಬತ್ತಿಸಿದ, ಸಾವಿರ ನಕ್ಷತ್ರಗಳನ್ನು ಗುಡಿಸಿ ಹಾಕಿದ. ನಾಲ್ಕು ಸಾಲು ಉಳಿದವು. ಆಗ ಕೇಳಿಸಿತು, ಲಿಫ್ಟಿನ ಮೋಟಾರು ಒಂದೇ ಶ್ರುತಿಯಲ್ಲಿ ಗುಂಯ್ಗುಡುತ್ತಿದೆ! ಇಪ್ಪತ್ತೊಂದನೆಯ ಮಹಡಿಯ ಹತ್ತಿರ ದಿನವೂ ‘ಧಡಕ್’ ಎನ್ನುತ್ತದೆ. ಸರಿ, ಅಲ್ಲೊಂದು ತಾಳದ ಪೆಟ್ಟು! ಮೂರು ವರ್ಷ ತಂಬೂರಿಯೊಳಗೇ ನಿಂತು ನೌಕರಿ ಮಾಡಿದ್ದರೂ ಅವನಿಗೆ ಗೊತ್ತಾಗಿರಲಿಲ್ಲ.

ನಾಲ್ಕು ಐವತ್ತಾರಕ್ಕೆ ಬಾಗಿಲು ಮುಚ್ಚಿತು. ಗುರುಬಾಯಿ ಶುರು ಮಾಡಿದಳು: “ಹಾಲು ಕಾಸಿಟ್ಟೀನಿ, ಚಂದ್ರಾಮ ಬಾರೋ…” ಧಡಕ್ ತನ್ನ ಜಾಗಕ್ಕೆ ಸರಿಯಾಗಿ ಬಿತ್ತು. ಇನ್ನೊಂದೇ ಸಾಲು. ಮೂವತ್ತೊಂದನೆಯ ಮಹಡಿಯಲ್ಲಿ ‘ಟಿಂಗ್’! ಬಾಗಿಲು ತೆರೆಯಿತು. ಆ ಮಹಡಿಯಲ್ಲೇ ಮನೆಯಿದ್ದ, ಹೋಟೆಲ್ ನಡೆಸುವ ವಾರಿಜಾ ತುಳಸಿ ಕುಂಡ ಹಿಡಿದು ನಿಂತಿದ್ದರು.

“ಇದು ಮೇಲೆ ಹೋಗುವುದಾ, ಮಾರಾಯ್ರೆ?”

ಶಿವಪುತ್ರನ ಜೀವ ಹಾರಿಹೋಗಿ ಗೋರೆಗಾಂವ್ ಮುಟ್ಟಿತು. ಗುರುಬಾಯಿ ಕಣ್ಣೂ ಮಿಟುಕಿಸದೆ ಕೊನೆಯ ಸಾಲು ಎತ್ತಿದಳು: “ಮ್ಯಾಲ ಹೊಂಟಾನವ್ವಾ ಚಂದ್ರಾಮ, ಮ್ಯಾಲ ಹೊಂಟಾನ…”

“ಹಾಗಾದ್ರೆ ನಾನೂ ಬರ್ತೇನೆ,” ಎಂದು ವಾರಿಜಾ ಒಳಗೆ ಬಂದರು.

ಲಿಫ್ಟು ತುದಿ ಮುಟ್ಟಿದಾಗ ನಾಲ್ಕು ಐವತ್ತೆಂಟು. “ಕೆಟ್ಟಿತು! ಎಲ್ಲಾ ಕೆಟ್ಟಿತು!” ಎಂದು ಶಿವಪುತ್ರ ತಲೆ ಹಿಡಿದುಕೊಂಡ. ಗುರುಬಾಯಿ ಮೊಬೈಲ್ ಕಿತ್ತುಕೊಂಡು ಹಾಕಿ ಕೇಳಿದಳು. ಗುಂಯ್, ಧಡಕ್, ಟಿಂಗ್, ಪ್ರಶ್ನೆ, ಉತ್ತರ. ಅವಳು ನಕ್ಕ ರಭಸಕ್ಕೆ ನಲವತ್ತೆರಡು ಮಹಡಿಯ ಗಾಜುಗಳೆಲ್ಲ ನಡುಗಿದವು.

“ಇದು ಹಾಡ್ರೀ!” ಎಂದು ತಾನೇ ಕಳಿಸಿಬಿಟ್ಟಳು.

“ಮತ್ತ… ಖಂಡಪ್ಪ?”

“ಅಂವಗ ಲಿಫ್ಟ್ ಎಲ್ಲೈತ್ರಿ?” ಗುರುಬಾಯಿ ಕೆಳಗೆ ಹೋಗುವ ಗುಂಡಿ ಒತ್ತಿದಳು. “ಇಳಿಯೂ ಮುಂದ ಶ್ರುತಿ ಬ್ಯಾರೆ ಐತಿ, ಕೇಳ್ರಿ. ಐವತ್ತೆರಡು ಸೆಕೆಂಡ್ ಅದಾವ. ಕಟ್ಟರಿ!”

ತುಳಸಿ ಕುಂಡವನ್ನು ಕಂಕುಳಿಗೆ ಸರಿಸಿ ವಾರಿಜಾ ಗಂಟಲು ಸರಿಮಾಡಿಕೊಂಡರು. “ಇದರಲ್ಲಿ ನಾನು ಎಲ್ಲಿ ಮಾತಾಡಬೇಕು, ಮೊದಲೇ ಹೇಳಿ ಮಾರಾಯ್ರೆ.”