ಗದ್ದಲ ತೆಗೆದ ಹಾಡು

"ಏ ಮೂಳಿ, ಸಾರಿನ ಕೈಲೆ ಫೋನ್ ಮುಟ್ಟಬ್ಯಾಡ. ಒರಸಿ ಕೊಡ ಇತ್ತ."

ಗುರವ್ವ ಸೆರಗಿಗೆ ಕೈ ಒರೆಸಿ ತನ್ನ ಫೋನನ್ನು ಶ್ರೀಶೈಲ್‌ಗೆ ಕೊಟ್ಟಳು. ಅಮೆರಿಕದ ಸೌತ್‌ಲೇಕಿನ ಅವನ ಮನೆಯಲ್ಲಿ ಅವಳು ಅಡುಗೆಯವಳು. ಅವಳ ಪಾಸ್‌ಪೋರ್ಟ್ ಅವನ ಲಾಕರಿನಲ್ಲಿತ್ತು. ಊರಿನಲ್ಲಿ ಅವಳ ಅಪ್ಪ ಬಾಳಪ್ಪ ದುಡಿದದ್ದು ಅವನ ಅಜ್ಜ ನಿಂಗನಗೌಡನ ಹೊಲದಲ್ಲಿ. ಸತ್ತದ್ದೂ ಅಲ್ಲೇ.

ಫೋನಿನಲ್ಲಿ, ಹೋದ ವರ್ಷ ತೀರಿಕೊಂಡ ಅವಳ ಅವ್ವನ ಹಾಡಿತ್ತು. ಕಳೆ ತೆಗೆಯುವಾಗಿನ ಹಾಡು. ಮುಂದಿರುವವಳು ಪ್ರಶ್ನೆ ಕೇಳುತ್ತಾಳೆ, ಸಾಲಿನ ಹೆಂಗಸರು ಉತ್ತರ ಕೊಡುತ್ತಾರೆ. ಜನಪದ ಹಾಡುಗಳ ಡಿಜಿಟಲ್ ಸಂಗ್ರಹಕ್ಕೆ ಶ್ರೀಶೈಲ್ ಅಧ್ಯಕ್ಷ. ಅದಕ್ಕೆ ಸೇರಿಸಲೆಂದು ಹಾಡು ಹಚ್ಚಿದ.

"ಬಾಳಪ್ಪನ ಬೆನ್ನ ಮ್ಯಾಲ ಬಾರಕೋಲ ಯಾರದ?" ಅವ್ವನ ದನಿ.

"ನಿಂಗನಗೌಡಂದ." ಹೆಂಗಸರೆಲ್ಲ. ಅವರಲ್ಲಿ ಗುರವ್ವನ ದನಿಯೂ ಇತ್ತು.

ಶ್ರೀಶೈಲ್ ಅಲ್ಲಿಗೆ ನಿಲ್ಲಿಸಿದ.

"ಮುದುಕಿ ದನಿ ಚೊಲೊ ಐತಿ. ಹಿಂದ ಭಾಳ ಗದ್ದಲ. ಕ್ಲೀನ್ ಮಾಡಸ್ತೀನಿ."

"ಗದ್ದಲ ಅಲ್ರಿ ಗೌಡ್ರ. ಅದ ಹಾಡ್ರಿ."

"ನೀ ನನಗ ಕಲಸ್ತೀ? ಒಲಿ ಕಡೆ ನೋಡ."

ಮರುದಿನ ಫೋನ್ ಮರಳಿತು. ಹಾಡು ಇರಲಿಲ್ಲ.

"ಅವ್ವನ ಹಾಡ ಎಲ್ಲೈತ್ರಿ?"

"ಸರ್ವರ್‌ನಾಗ. ನಿನ್ನ ಡಬ್ಬಾ ಫೋನಿನಾಗಿದ್ರ ಹಾಳಾಗತಿತ್ತು. ಅಲ್ಲಿ ಸಾವಿರ ವರ್ಷ ಇರತೈತಿ."

ಸಂಗ್ರಹದ ಉದ್ಘಾಟನೆ ಹತ್ತಿರದ ಫಾರ್ಮರ್ಸ್ ಬ್ರಾಂಚ್ ಊರಿನ ಸಭಾಂಗಣದಲ್ಲಿ ನಡೆಯಿತು. ಗುರವ್ವ ಹಿಂದಿನ ಮೇಜಿನಲ್ಲಿ ಬಡಿಸುತ್ತಿದ್ದಳು. ಪರದೆಯ ಮೇಲೆ ಹಸಿರು ಹೊಲ, ಅದರ ಕೆಳಗೆ 'ಅಜ್ಞಾತ ಗಾಯಕಿ' ಎಂಬ ಅಕ್ಷರಗಳು. ಸ್ಪೀಕರಿನಲ್ಲಿ ಅವ್ವ ಕೇಳಿದಳು.

"ಬಾಳಪ್ಪನ ಬೆನ್ನ ಮ್ಯಾಲ ಬಾರಕೋಲ ಯಾರದ?"

ಹೆಂಗಸರ ಉತ್ತರವಿದ್ದ ಜಾಗದಲ್ಲಿ ಏನೂ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು.

"ನಿಂಗನಗೌಡಂದ," ಎಂದಳು ಗುರವ್ವ. ಚಪ್ಪಾಳೆಯಲ್ಲಿ ದನಿ ಮೇಜು ದಾಟಲಿಲ್ಲ.

"ಏನಂದ್ರಿ ಆಂಟಿ?" ಎದುರಿಗೆ ತಟ್ಟೆ ಹಿಡಿದಿದ್ದವಳು ಕೇಳಿದಳು. "ಪಲಾವ್ ಬೇಡ, ಬರೀ ಮೊಸರನ್ನ ಹಾಕಿ. ಎಷ್ಟು ಪ್ಯೂರ್ ವಾಯ್ಸ್ ಅಲ್ವಾ?"

ಶ್ರೀಶೈಲ್‌ಗೆ ಮಾತ್ರ ಕೇಳಿಸಿತ್ತು. ಅಥವಾ ಅವಳ ತುಟಿ ಕಂಡಿತ್ತು. ನಗುಮುಖದಲ್ಲೇ ಬಂದು ಪಕ್ಕ ನಿಂತ.

"ಬೋಸುಡಿ, ಊರಾಗ ನಿನ್ನ ಮಗಳು ನಮ್ಮ ವಾಡೇದಾಗ ಮನಿಗೆಲಸಕ್ಕ ಅದಾಳ. ನೆನಪ ಐತಿಲ್ಲ?"

ಗುರವ್ವ ಎದುರಿನ ತಟ್ಟೆಗೆ ಮೊಸರನ್ನ ಹಾಕಿದಳು.

ಸ್ಪೀಕರಿನಲ್ಲಿ ಅವ್ವ ಮತ್ತೆ ಅದನ್ನೇ ಕೇಳಿದಳು. ಗುರವ್ವನ ಬಾಯಿ ತೆರೆಯಿತು, ದನಿ ಬರಲಿಲ್ಲ. ಉತ್ತರಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವ್ವ ತಡೆದಳು. ಆಮೇಲೆ ಮುಂದಿನ ಸಾಲು ಎತ್ತಿಕೊಂಡಳು.