ಕಾಲು ಮುಂದಾಗಿ ಹುಟ್ಟಿದವಳು

ನಾನು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಒದ್ದರೆ ಸೊಂಟದ ಉಳುಕು ಬಿಡುತ್ತದೆ ಎಂದು ನಮ್ಮ ಹೋಳೂರಿನ ಕಡೆ ನಂಬಿಕೆ. ಚಿಕ್ಕಂದಿನಿಂದ ಊರವರ ಬೆನ್ನಿಗೆಲ್ಲ ಒದ್ದಿದ್ದೇನೆ, ಪಂಚಾಯಿತಿ ಮೆಂಬರನ್ನೂ ಬಿಟ್ಟಿಲ್ಲ. ಆಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ರೇಷ್ಮೆಹುಳು ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದೆ ನೋಡಿ, ನನ್ನ ಬೆನ್ನಿಗೆ ಒದೆಯಲು ಯಾವ ಮಹಾತಾಯಿಯೂ ಸಿಗಲಿಲ್ಲ.

ಅದಾಗಿ ವರ್ಷಗಳೇ ಕಳೆದವು. ಕೂತರೆ ಕಾಲು ಸೆಳೆಯುತ್ತದೆ, ನಿಂತರೆ ಸೊಂಟ ಹಿಡಿಯುತ್ತದೆ, ಮಲಗಿದರೆ ಏಳುವುದೇ ಒಂದು ರಾಮಾಯಣ. ಬೆಲ್ಟು ಬಿಗಿದುಕೊಂಡು ಹಜಾರದಿಂದ ಹಿತ್ತಲಿಗೆ, ಹಿತ್ತಲಿಂದ ಹಜಾರಕ್ಕೆ ತಿರುಗುತ್ತಲೇ ಇರುತ್ತೇನೆ. ಊಟವೂ ನಿಂತೇ. ಬಂದವರೆಲ್ಲ ಕೂತ್ಕೊಳ್ಳಿ ಶ್ಯಾಮಲಮ್ಮ ಎನ್ನುತ್ತಾರೆ, ಮೈ ಉರಿಯುತ್ತದೆ. ಕೂರಲಾಗಿದ್ದರೆ ಕೂರುತ್ತಿರಲಿಲ್ಲವೇ?

ಭಾನುವಾರ ಮಗಳು ಅನಿತ ಬಂದಳು, ಜೊತೆಗೆ ಅವಳ ಅತ್ತೆ ದೊಡ್ಡಗಂಗಮ್ಮ. ಅನಿತ ಮಾಲೂರಿನಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಾಳೆ. ಪೆಟ್ಟಿಗೆ ಎತ್ತಿಡುವಾಗ ಸೊಂಟದಲ್ಲಿ ಕಳಕ್ ಎಂದಿತಂತೆ, ಆಗಿನಿಂದ ನೋವು. ಒದೆಯುವ ತಾಯಿ ಇರುವಾಗ ಆಸ್ಪತ್ರೆ ಯಾಕೆ ಎಂದು ಬೀಗಿತ್ತಿಯ ವಾದ. ಬೆಳಗಾದರೆ ಕೆಲಸಕ್ಕೆ ಹೋಗಬೇಕೆಂದು ಮಗಳ ಅವಸರ. ನನ್ನ ಕಾಲಲ್ಲಿ ಯಾವ ಮಹಿಮೆಯೂ ಇಲ್ಲ, ಸ್ಕ್ಯಾನ್ ಮಾಡಿಸಿ ಎಂದೆ. ಊರಿಗೆಲ್ಲ ಒದ್ದವಳಿಗೆ ಹೆತ್ತ ಮಗಳೇ ಬೇಡವಾದಳಾ ಎಂದು ದೊಡ್ಡಗಂಗಮ್ಮ ಮೂಗು ಮುರಿದರು. ಅನಿತ ಆಗಲೇ ಚಾಪೆ ಹಾಸಿ ಬೋರಲು ಮಲಗಿದ್ದಳು.

ಹಾಳಾಗಿ ಹೋಗಲಿ, ಕಾಲು ಸೋಕಿಸಿದ ಶಾಸ್ತ್ರ ಮಾಡಿ ಆಮೇಲೆ ಆಸ್ಪತ್ರೆಗೆ ಒಪ್ಪಿಸೋಣ ಎಂದುಕೊಂಡೆ. ಪದ್ಧತಿಯಂತೆ ಮೊದಲು ಪಾದ ತುಳಿದು, ಆಮೇಲೆ ಸೊಂಟಕ್ಕೆ ಒದೆಯಬೇಕು. ಗೋಡೆ ಹಿಡಿದು, ಹಲ್ಲು ಕಚ್ಚಿ, ಅವಳ ಎಡ ಪಾದದ ಮೇಲೆ ಕಾಲಿಟ್ಟು ಒತ್ತಿದೆ.

"ಶುರು ಮಾಡಮ್ಮ, ಇನ್ನೂ ಎಷ್ಟೊತ್ತು ಸುಮ್ನೆ ನಿಂತಿರ್ತೀಯಾ?" ಎಂದಳು.

ನನ್ನ ಕಾಲು ಅವಳ ಪಾದದ ಮೇಲೆಯೇ ಇತ್ತು. ಇನ್ನಷ್ಟು ಒತ್ತಿದೆ. ಅವಳು ಅತ್ತೆಯ ಜೊತೆ ಮಾತಾಡುತ್ತಲೇ ಇದ್ದಳು. ಮೆಟ್ಟಿಲಿಂದ ಬಿದ್ದ ಮೇಲೆ ನನಗೂ ಹೀಗೇ ಪಾದ ಮರಗಟ್ಟಿತ್ತು. ತಾನಾಗಿಯೇ ಹೋಗುತ್ತದೆ ಎಂದು ಕಾದೆ, ತಡವಾಯಿತು ಎಂದರು ಡಾಕ್ಟರು. ಇವತ್ತಿಗೂ ಚಪ್ಪಲಿ ಜಾರಿದರೆ ನನಗೆ ಗೊತ್ತಾಗುವುದಿಲ್ಲ.

"ಏಳೇ. ಪಕ್ಕಕ್ಕೆ ಹೊರಳಿ, ಕೈಯೂರಿ ನಿಧಾನಕ್ಕೆ ಏಳು. ಈಗ್ಲೇ ಕೋಲಾರಕ್ಕೆ ಹೋಗ್ತಿದ್ದೀವಿ."

ದೊಡ್ಡಗಂಗಮ್ಮ ಏನೋ ಹೇಳಲು ಬಾಯಿ ತೆರೆದರು.

"ನಾನು ತುಳಿದಿದ್ದು ನಿಮ್ಮ ಸೊಸೆಗೆ ಗೊತ್ತೇ ಆಗ್ಲಿಲ್ಲ ಬೀಗ್ರೇ," ಎಂದೆ. ಅವರು ಆಟೋ ಕರೆಯಲು ಹೊರಟರು.

ನಿನಗೆ ಕೂರಲಾಗುವುದಿಲ್ಲ, ಅತ್ತೆ ಬರುತ್ತಾರೆ ಬಿಡು ಎಂದಳು ಅನಿತ. ನಾನು ಕೇಳಲಿಲ್ಲ, ಹತ್ತಿ ಕೂತೆ. ದೊಡ್ಡಗಂಗಮ್ಮ ಡ್ರೈವರ್ ಪಕ್ಕ ಒತ್ತಿಕೊಂಡರು. ಪ್ರತಿ ಹಳ್ಳಕ್ಕೂ ನನ್ನ ಬೆನ್ನಿಗೆ ಚಾಕು ಹಾಕಿದಂತಾಗುತ್ತಿತ್ತು. ಮಗಳ ಎಡಗಾಲನ್ನು ತೊಡೆಯ ಮೇಲೆ ಹಾಕಿಕೊಂಡು ಹೆಬ್ಬೆರಳು ಚಿವುಟಿದೆ. ಗೊತ್ತಾಗಲಿಲ್ಲ. ಹಿಮ್ಮಡಿ ಚಿವುಟಿದೆ. ಅದೂ ಇಲ್ಲ. ದೇವರೇ, ನನ್ನದು ಹೋಗಲಿ, ಇವಳದು ಉಳಿಸು ಎಂದು ಗೊಣಗುತ್ತ ಮೇಲಮೇಲಕ್ಕೆ ಚಿವುಟುತ್ತ ಹೋದೆ. ಕೋಲಾರ ಇನ್ನೂ ದೂರವಿತ್ತು.

ಮೀನಖಂಡದ ಹತ್ತಿರ ಅವಳು ಕಾಲು ಎಳೆದುಕೊಂಡಳು. "ಅಮ್ಮ, ನೋಯ್ತದೆ ಕಣೇ."

ನೋವೆಂಬ ಮಾತು ಕೇಳಿ ನನಗೆ ಇಷ್ಟು ಸಂತೋಷವಾದದ್ದು ಈ ಜನ್ಮದಲ್ಲಿ ಅದೊಂದೇ ಸಲ. ಅಳುತ್ತಲೇ ಮತ್ತೆ ಚಿವುಟಿದೆ.